ಜಾಕು ಎತ್ತೋಕೆ, ಸ್ಟ್ಯಾಂಡು ಹಿಡಿಯೋಕೆ: ಟ್ರ್ಯಾಕ್ಟರ್ ಮೇಸ್ತ್ರಿಗಳ ಸುರಕ್ಷತೆಯ ಹಳೇ ಲೆಕ್ಕ

ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ನಮ್ಮ ಕಡೆ ಎಲ್ಲರಿಗಿಂತ ಹೆಚ್ಚು ಬೇಡಿಕೆ ಇರೋದು ಟ್ರ್ಯಾಕ್ಟರ್ ಮೇಸ್ತ್ರಿಗೆ. ಬೇಸಿಗೆಯೆಲ್ಲ ಸುಮ್ಮನೆ ನಿಂತಿದ್ದ ಗಾಡಿ ಸರಿಯಾಗಿ ಆ ವಾರವೇ ಕೈಕೊಡುತ್ತೆ. ಕ್ಲಚ್ ಜಾರುತ್ತೆ, ಹೈಡ್ರಾಲಿಕ್ ಏಳಲ್ಲ, ಟ್ರ್ಯಾಲಿ ಟೈರು ಒಡೆಯುತ್ತೆ. "ಇವತ್ತೇ ಆಗ್ಬೇಕು ಅಣ್ಣ, ಹದ ಹೋಗ್ಬಿಡುತ್ತೆ" ಅಂತ ನಾವು ನಾಲ್ಕೈದು ಜನ ಅವನ ತಲೆ ಮೇಲೆ ನಿಂತಿರ್ತೀವಿ. ಅವನು ಎರಡು ಟನ್ ಭಾರದ ಗಾಡಿ ಕೆಳಗೆ ಮಲಗಿರ್ತಾನೆ. ಆ ಎರಡು ಟನ್ ಯಾವುದರ ಮೇಲೆ ನಿಂತಿದೆ ಅಂತ ಬಗ್ಗಿ ನೋಡೋರು ಕಡಿಮೆ.

ಮಣ್ಣು, ಬೀಜ, ಗೊಬ್ಬರದ ಬಗ್ಗೆ ಬೇಕಾದಷ್ಟು ಮಾತಾಡ್ತೀವಿ. ಇವತ್ತು ಗ್ಯಾರೇಜಿನ ಕಡೆ ತಿರುಗೋಣ. ಭಾರಿ ಗಾಡಿ ರಿಪೇರಿ ಮಾಡುವವರ ಸುರಕ್ಷತೆಗೆ ಒಂದು ಇತಿಹಾಸ ಇದೆ. ಯಂತ್ರ ಹೇಗೆ ಬಂತು, ಅದರ ಜೊತೆ ಯಾವ ಅಪಾಯ ಬಂತು, ಆಮೇಲೆ ಯಾವ ನಿಯಮ ಬಂತು, ಆ ನಿಯಮ ನಮ್ಮ ಊರಿನ ತನಕ ಯಾಕೆ ಬರಲಿಲ್ಲ ಅನ್ನೋ ಕಥೆ ಅದು. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಮೊದಲು ಜಾಕಿನಿಂದ ಶುರು ಮಾಡೋಣ. ಎಣ್ಣೆ ಅಥವಾ ನೀರಿನ ಒತ್ತಡದಿಂದ ಭಾರ ಎತ್ತಬಹುದು ಅನ್ನೋ ತತ್ವವನ್ನು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದ. ಅದನ್ನು ಯಂತ್ರವಾಗಿ ಮಾಡಿದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, 1795ರಲ್ಲಿ. ಕೈಯಲ್ಲಿ ಹೊತ್ತೊಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ನ್ಯೂಯಾರ್ಕಿನ ರಿಚರ್ಡ್ ಡಜನ್ ಪೇಟೆಂಟ್ ಪಡೆದದ್ದು 1851ರಲ್ಲಿ. ಇವತ್ತು ನಮ್ಮ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿರೋ ಬಾಟಲ್ ಜಾಕು ಅದರ ಮೊಮ್ಮಗ ಅನ್ನಬಹುದು. ಒಳಗಿನ ಕೆಲಸ ಹೆಚ್ಚು ಬದಲಾಗಿಲ್ಲ. ಸಣ್ಣ ಪಿಸ್ಟನ್ ಒತ್ತಿದರೆ ಎಣ್ಣೆ ದೊಡ್ಡ ಪಿಸ್ಟನ್ ಕೆಳಗೆ ಹೋಗುತ್ತೆ, ಭಾರ ಏಳುತ್ತೆ. ಹತ್ತು ಟನ್ನಿನ ಜಾಕಿನಲ್ಲಿ ಆ ಹತ್ತು ಟನ್ನನ್ನೂ ಮೇಲೆ ಹಿಡಿದಿರೋದು ಒಂದು ರಬ್ಬರ್ ವಾಷರ್ ಮತ್ತು ಒಂದು ಸಣ್ಣ ಗುಂಡಿನ ವಾಲ್ವು. ವಾಷರ್ ಹರಿದರೆ, ವಾಲ್ವಿನ ಬಾಯಲ್ಲಿ ಒಂದು ಕಣ ಮರಳು ಸಿಕ್ಕಿದರೆ, ಭಾರ ಇಳಿಯುತ್ತೆ. ಒಮ್ಮೊಮ್ಮೆ ನಿಧಾನಕ್ಕೆ, ಒಮ್ಮೊಮ್ಮೆ ಒಂದೇ ಸಲ.

ಅದಕ್ಕೇ ಜಾಕು ಇರೋದು ಎತ್ತೋಕೆ, ಹಿಡಿದುಕೊಳ್ಳೋದು ಅದರ ಕೆಲಸ ಅಲ್ಲ. ಅಮೆರಿಕ 1970ರಲ್ಲಿ ಕೆಲಸದ ಜಾಗದ ಸುರಕ್ಷತೆಗೆ ಅಂತ ಒಂದು ದೊಡ್ಡ ಕಾನೂನು ಮಾಡಿತು. ಅದರಡಿ ಬಂದ ಜಾಕಿನ ನಿಯಮ ಬಹಳ ಚಿಕ್ಕದು: ಭಾರ ಎತ್ತಿದ ತಕ್ಷಣ ಅದಕ್ಕೆ ದಿಮ್ಮಿ ಕೊಡಬೇಕು ಅಥವಾ ಬೇರೆ ರೀತಿಯಲ್ಲಿ ಭದ್ರ ಮಾಡಬೇಕು. ನಮ್ಮಲ್ಲಿ ಜಾಕಿನ ಪಕ್ಕ ಇಡೋದು ಏನು ಹೇಳಿ? ಸೈಜುಗಲ್ಲು, ಹಾಲೋ ಬ್ಲಾಕು, ಹಳೇ ಡಿಸ್ಕು. ಹಾಲೋ ಬ್ಲಾಕು ಗೋಡೆಯಲ್ಲಿ ಸಾಲಾಗಿ ನಿಂತಾಗ ಭಾರ ಹೊರುತ್ತೆ. ಆಕ್ಸೆಲ್ಲಿನ ತುದಿ ಒಂದೇ ಬಿಂದುವಿನಲ್ಲಿ ಒತ್ತಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತೆ. ಗಟ್ಟಿ ಮರದ ದಿಮ್ಮಿಯಾದರೆ ಸೋಲುವ ಮೊದಲು ಕಿರ್ ಅನ್ನುತ್ತೆ, ಅಪ್ಪಚ್ಚಿಯಾಗುತ್ತೆ, ಕೆಳಗಿರೋನಿಗೆ ಒಂದು ಗಳಿಗೆ ಸಮಯ ಕೊಡುತ್ತೆ. ಗಣಿಗಳಲ್ಲಿ ಹಳಬರು ಮರದ ಆಧಾರವನ್ನು ನಂಬುತ್ತಿದ್ದದ್ದು ಇದೇ ಕಾರಣಕ್ಕೆ.

ಕ್ಲಚ್ ಪ್ಲೇಟ್ ಹಾಕೋ ಕೆಲಸ ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತೆ. ಟ್ರ್ಯಾಕ್ಟರಿಗೆ ಲಾರಿ ಥರ ಚಾಸಿ ಇಲ್ಲ. ಎಂಜಿನ್ನು, ಗೇರ್ ಬಾಕ್ಸು, ಹಿಂದಿನ ಹೌಸಿಂಗು ಇವೇ ಅದರ ಬೆನ್ನೆಲುಬು. ಕ್ಲಚ್ ಬದಲಿಸಬೇಕಂದ್ರೆ ಗಾಡಿಯನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಬಿಚ್ಚಿದ ಮೇಲೆ ಮುಂದಿನ ಭಾಗದ ಸ್ಥಿತಿ ಏನು? ಮುಂದಿನ ಆಕ್ಸೆಲ್ಲು ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತೆ, ಏರುಪೇರಿನ ಹೊಲದಲ್ಲಿ ಓಡಲಿ ಅಂತ ಹಾಗೆ ಮಾಡಿರೋದು. ಹಿಂದಿನ ಭಾಗ ಜೊತೆಗಿದ್ದಾಗ ಅದು ಸ್ಥಿರ. ಬೇರೆಯಾದ ಗಳಿಗೆ ಇಡೀ ಎಂಜಿನ್ನು ಆ ಪಿನ್ನಿನ ಮೇಲೆ ಪಕ್ಕಕ್ಕೆ ಉರುಳಬಹುದು. ಅದಕ್ಕೆ ಬಿಚ್ಚುವ ಮೊದಲೇ ಆಕ್ಸೆಲ್ಲಿನ ಎರಡೂ ಕಡೆ ಮರದ ಬೆಣೆ ಹೊಡೆಯಬೇಕು. ಹಳೇ ಮೇಸ್ತ್ರಿಗಳು ಇದನ್ನು ಮರೆಯಲ್ಲ. ಅವಸರದಲ್ಲಿ ಬಿಡೋದು ಹೊಸಬರು. ಎರಡು ರೂಪಾಯಿ ಬಾಳದ ಮರದ ತುಂಡಿನ ಕೆಲಸ ಅದು.

ಇನ್ನು ಹೈಡ್ರಾಲಿಕ್ ಲಿಫ್ಟು. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ 1926ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇವತ್ತು ನಮ್ಮೆಲ್ಲರ ಟ್ರ್ಯಾಕ್ಟರಿನ ಹಿಂದೆ ಇರೋದು. 1936ರಲ್ಲಿ ಅವನ ಹೆಸರಿನ ಟ್ರ್ಯಾಕ್ಟರು ಮಾರಾಟಕ್ಕೆ ಬಂತು. 1939ರಲ್ಲಿ ಹೆನ್ರಿ ಫೋರ್ಡ್ ಜೊತೆ ಸೇರಿ ಮಾಡಿದ ಗಾಡಿಯಿಂದ ಅದು ಜಗತ್ತಿಗೆಲ್ಲ ಹರಡಿತು. ಅಲ್ಲಿ ತನಕ ನೇಗಿಲನ್ನು ಟ್ರ್ಯಾಕ್ಟರು ಎಳೆಯುತ್ತಿತ್ತು, ಅಲ್ಲಿಂದ ಹೊತ್ತುಕೊಂಡಿತು. ರೈತನಿಗೆ ಅದು ದೊಡ್ಡ ವರ. ಆದರೆ ರಿಪೇರಿ ಮಾಡೋನ ತಲೆ ಮೇಲೆ ಎಣ್ಣೆಯ ಆಧಾರದಲ್ಲಿ ತೂಗುವ ಭಾರವೂ ಆವತ್ತಿಂದ ಬಂತು. ಎತ್ತಿ ನಿಲ್ಲಿಸಿದ ರೋಟಾವೇಟರು ಎಂಜಿನ್ ಆಫ್ ಆಗಿದ್ದರೂ ಲಿವರ್ ತಾಗಿದರೆ ಕೆಳಗೆ ಬರುತ್ತೆ. ಸೀಟಿನ ಮೇಲೆ ಹತ್ತಿ ಆಡೋ ಮಗು ಸಾಕು ಆ ಲಿವರ್ ತಾಗಿಸೋಕೆ. ಟಿಪ್ಪಿಂಗ್ ಟ್ರ್ಯಾಲಿಯೂ ಹಾಗೇ. ತೊಟ್ಟಿ ಎತ್ತಿ ಅದರ ಕೆಳಗೆ ತಲೆ ಹಾಕಿ ಹೋಸ್ ಬಿಚ್ಚಿದರೆ, ತೊಟ್ಟಿಯನ್ನು ಹಿಡಿದಿದ್ದ ಎಣ್ಣೆಯನ್ನೇ ಹೊರಗೆ ಬಿಟ್ಟ ಹಾಗೆ.

ಈಗ ಟೈರಿನ ಕಥೆ. ಟ್ರ್ಯಾಕ್ಟರಿಗೆ ಗಾಳಿ ತುಂಬಿದ ಟೈರು ಬಂದದ್ದು 1932ರಲ್ಲಿ, ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯ ಗಾಡಿಗೆ. ಅದಕ್ಕೆ ಮೊದಲು ಕಬ್ಬಿಣದ ಚಕ್ರ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ಅಪಾಯ ಜಾಸ್ತಿ ಇರೋದು ಲಾರಿ ಮತ್ತು ಟ್ರ್ಯಾಲಿ ಟೈರಿನಲ್ಲಿ. ಲಾರಿ ಟೈರಿನಲ್ಲಿ ಚದರ ಇಂಚಿಗೆ 100 ಪೌಂಡ್ ಆಸುಪಾಸು ಗಾಳಿ ಇರುತ್ತೆ. ಲೆಕ್ಕ ಹಾಕಿ ನೋಡಿ: ಒಂದು ಚದರ ಅಡಿ ಅಂದ್ರೆ 144 ಚದರ ಇಂಚು. 144ನ್ನು 100ರಿಂದ ಗುಣಿಸಿದರೆ 14,400 ಪೌಂಡ್, ಹತ್ತಿರ ಹತ್ತಿರ ಆರೂವರೆ ಟನ್. ಒಂದು ಚದರ ಅಡಿ ಜಾಗದ ಮೇಲೆ ಆರೂವರೆ ಟನ್ ತಳ್ತಾ ಇರುತ್ತೆ, ಸದ್ದಿಲ್ಲದೆ.

ಹಳೇ ಲಾರಿ ಡಿಸ್ಕಿನಲ್ಲಿ ಟೈರನ್ನು ಹಿಡಿದಿಡೋಕೆ ಬಿಡಿ ರಿಂಗು, ಅದಕ್ಕೊಂದು ಲಾಕ್ ರಿಂಗು ಇರುತ್ತೆ. ರಿಂಗು ತುಕ್ಕು ಹಿಡಿದಿದ್ದರೆ, ಸೊಟ್ಟಗಾಗಿದ್ದರೆ, ಬೇರೆ ಅಳತೆಯದ್ದಾಗಿದ್ದರೆ, ಗಾಳಿ ತುಂಬುವಾಗ ಹಾರಿ ಬರುತ್ತೆ. ಅದರ ದಾರಿಯಲ್ಲಿ ತಲೆ ಇದ್ದರೆ ಆಸ್ಪತ್ರೆಗೆ ಹೋಗುವ ಪ್ರಶ್ನೆಯೇ ಬರಲಿಕ್ಕಿಲ್ಲ. ಇಂಥ ಸಾವುಗಳು ಎಷ್ಟೋ ಆದ ಮೇಲೆ ಅಮೆರಿಕ 1980ರಲ್ಲಿ ಈ ರಿಂಗಿನ ಚಕ್ರಗಳಿಗೇ ಒಂದು ಪ್ರತ್ಯೇಕ ನಿಯಮ ಮಾಡಿತು. ಒಂದೇ ತುಂಡಿನ ಡಿಸ್ಕಿನಲ್ಲೂ ಟೈರು ಸಿಡಿಯುತ್ತೆ ಅಂತ 1984ರಲ್ಲಿ ಅವನ್ನೂ ಸೇರಿಸಿತು. ಆ ನಿಯಮದ ಸಾರ ಇಷ್ಟೇ. ಬಿಚ್ಚುವ ಮೊದಲು ವಾಲ್ವಿನ ಪಿನ್ನು ತೆಗೆದು ಪೂರ್ತಿ ಗಾಳಿ ಬಿಡಬೇಕು. ರಿಂಗಿನ ಚಕ್ರಕ್ಕೆ ಗಾಳಿ ತುಂಬುವಾಗ ಅದನ್ನು ಕಬ್ಬಿಣದ ಪಂಜರದೊಳಗೆ ಇಡಬೇಕು. ಗಾಳಿ ಪೈಪಿನ ತುದಿಗೆ ಕೈಬಿಟ್ಟರೂ ಕಚ್ಚಿಕೊಳ್ಳುವ ಕ್ಲಿಪ್ಪು ಇರಬೇಕು. ಪೈಪು ಉದ್ದ ಇರಬೇಕು, ತುಂಬುವವನು ಚಕ್ರದ ಎದುರು ಇರದೆ ರಿಂಗು ಹಾರುವ ದಾರಿ ಬಿಟ್ಟು ದೂರ ನಿಲ್ಲೋ ಹಾಗೆ. ಗಾಳಿ ಬಹಳ ಇಳಿದ ಟೈರನ್ನು ಓಡಿಸಿದ್ದರೆ ಮತ್ತೆ ಹಾಗೇ ತುಂಬಬಾರದು, ಬಿಚ್ಚಿ ನೋಡಬೇಕು.

ಹೈವೇ ಪಕ್ಕದ ಪಂಕ್ಚರ್ ಅಂಗಡಿಗಳನ್ನು ನೆನಪು ಮಾಡಿಕೊಳ್ಳಿ. ಚಕ್ರ ನೆಲಕ್ಕೆ ಮಲಗಿಸಿ, ಅದರ ಮೇಲೆ ಒಂದು ಕಾಲಿಟ್ಟು, ಬಗ್ಗಿ ಗಾಳಿ ತುಂಬೋ ಹುಡುಗ ಕಣ್ಣಿಗೆ ಬರ್ತಾನೆ ಅಲ್ವಾ? ಪಂಜರ ಅಂದ್ರೆ ನಾಲ್ಕು ಬಾಗಿಸಿದ ದಪ್ಪ ಪೈಪು, ವೆಲ್ಡಿಂಗು. ಅಂಥದ್ದನ್ನು ಮಾಡೋ ವೆಲ್ಡರ್ ಎಷ್ಟೋ ಕಡೆ ಪಕ್ಕದ ಅಂಗಡಿಯಲ್ಲೇ ಇರ್ತಾನೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಡೀಸೆಲ್ಲಿನ ಸೂಜಿ. ಜರ್ಮನಿಯ ಬಾಷ್ ಕಂಪನಿ ಡೀಸೆಲ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರು ಮಾಡಿದ್ದು 1927ರಲ್ಲಿ. ಹತ್ತೇ ವರ್ಷದಲ್ಲಿ, 1937ರಲ್ಲಿ, ಎಂಜಿನ್ನಿನ ನಾಜಲಿನಿಂದ ಚಿಮ್ಮಿದ ಎಣ್ಣೆ ಚರ್ಮ ತೂರಿ ಒಳಗೆ ಹೋದ ಪ್ರಕರಣ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಹಳೇ ಟ್ರ್ಯಾಕ್ಟರಿನ ನಾಜಲು ತೆರೆಯೋದೇ ಸುಮಾರು 200 ಬಾರ್ ಒತ್ತಡದಲ್ಲಿ. ಲಾರಿ ಟೈರಿನಲ್ಲಿರೋದು 7 ಬಾರ್ ಅಷ್ಟೇ. 2023ರ ಜನವರಿಯಿಂದ 50 ಎಚ್.ಪಿ. ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂತಲ್ಲ, ಆಮೇಲೆ ಬಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು. "ಎಲ್ಲಿ ಲೀಕ್ ಆಗ್ತಿದೆ" ಅಂತ ಕೈಯಾಡಿಸಿ ನೋಡೋದು ನಮ್ಮಲ್ಲಿ ಮಾಮೂಲು. ತಾಗಿದಾಗ ಇರುವೆ ಕಚ್ಚಿದ ಹಾಗೆ ಅನ್ನಿಸುತ್ತೆ, ಸಣ್ಣ ಚುಕ್ಕೆ ಕಾಣುತ್ತೆ, ನೋವು ಮೊದಮೊದಲು ಹೆಚ್ಚಿರಲ್ಲ. ಒಳಗೆ ಎಣ್ಣೆ ಬೆರಳಿನ ಉದ್ದಕ್ಕೂ ಹರಡಿ ಮಾಂಸ ಸಾಯ್ತಾ ಹೋಗುತ್ತೆ. ಕೆಲವೇ ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಬೆರಳು ಉಳಿಯೋದು ಕಷ್ಟ. ಹಾಗಾಗಿ ಲೀಕು ಹುಡುಕೋಕೆ ರಟ್ಟಿನ ತುಂಡು ಹಿಡೀರಿ. ತಾಗಿದರೆ ಅರಿಶಿನ ಮೆತ್ತಿ ಕೂರಬೇಡಿ. ಆವತ್ತೇ, ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ.

ಧೂಳಿನ ಮಾತೂ ಒಂದಿದೆ. ಬ್ರೇಕ್ ಲೈನರಿಗೆ, ಕ್ಲಚ್ ಪ್ಲೇಟಿಗೆ ಇಪ್ಪತ್ತನೇ ಶತಮಾನದ ಬಹುಪಾಲು ಬಳಸಿದ್ದು ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್. ಬಿಸಿಗೆ ಸುಡಲ್ಲ ಅನ್ನೋದೇ ಅದರ ಗುಣ. ಎಳೆ ಶ್ವಾಸಕೋಶಕ್ಕೆ ಸೇರಿದರೆ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ಆಗಿ ಏಳಬಹುದು ಅನ್ನೋದು ಅದರ ಇನ್ನೊಂದು ಮುಖ. ಬ್ರಿಟನ್ 1999ರಲ್ಲಿ ಪೂರ್ತಿ ನಿಷೇಧ ಮಾಡಿತು. ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಟ್ಟು, ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಅಂತ ಹೇಳಿತು, ಅಂಥ ಕಾರ್ಮಿಕರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಬೇಕು ಅಂದಿತು. ಕಾರ್ಖಾನೆಗೆ ಅದು ಸರಿ. ಆದರೆ ಹಳೇ ಲಾರಿಯ ಬ್ರೇಕ್ ಡ್ರಮ್ಮಿಗೆ ಕಂಪ್ರೆಸರ್ ಗಾಳಿ ಹಿಡಿದು ಧೂಳೆಬ್ಬಿಸೋ ಹುಡುಗನ ದಾಖಲೆ ಯಾರ ಹತ್ರ ಇದೆ? ಗಾಳಿ ಹಿಡಿಯೋ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಅಪಾಯ ಅಲ್ಲೇ ಕೂರುತ್ತೆ.

ಇಷ್ಟೆಲ್ಲ ನಿಯಮ ಇದ್ದೂ ನಮ್ಮ ಗ್ಯಾರೇಜಿಗೆ ಯಾಕೆ ಬರಲಿಲ್ಲ? ಯಂತ್ರ ಹೇಗೆ ಬಂತು ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಸ್ವಾತಂತ್ರ್ಯದ ಹೊತ್ತಿಗೆ ಅಮೆರಿಕದ ಸೈನ್ಯ ಬಿಟ್ಟುಹೋದ ಟ್ರ್ಯಾಕ್ಟರುಗಳನ್ನು ಇಟ್ಟುಕೊಂಡು ಸರ್ಕಾರ ಕೇಂದ್ರೀಯ ಟ್ರ್ಯಾಕ್ಟರ್ ಸಂಸ್ಥೆ ಕಟ್ಟಿತು. ಮಧ್ಯ ಭಾರತದ ಕಡೆ ಆಳ ಬೇರಿನ ಕಳೆಹುಲ್ಲು ಹಿಡಿದ ಭೂಮಿಯನ್ನು ಅದು ಉತ್ತು ತೆಗೆಯಬೇಕಿತ್ತು. ಹೊಸ ಟ್ರ್ಯಾಕ್ಟರಿಗಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ ಬಂತು. 1955ರಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್ ತರಬೇತಿ ಕೇಂದ್ರ ಶುರುವಾಯಿತು. ಅಂಥದ್ದೇ ಸಂಸ್ಥೆ ಆಮೇಲೆ ನಮ್ಮ ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲೂ ಬಂತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಕಂಪನಿ ಮೊದಲ ದೇಶಿ ಟ್ರ್ಯಾಕ್ಟರನ್ನು ಹೊರತಂದಿತು. 1964ರಲ್ಲಿ ಬೆಂಗಳೂರಿನಲ್ಲಿ ಬಿ.ಇ.ಎಂ.ಎಲ್. ಹುಟ್ಟಿತು, ಅದರ ಬುಲ್ಡೋಜರು ತಯಾರಾಗೋದು ನಮ್ಮ ಕೆ.ಜಿ.ಎಫ್.ನಲ್ಲಿ. ಯಂತ್ರ ಲಕ್ಷಗಟ್ಟಲೆ ಆಯಿತು. ತರಬೇತಿ ಕೇಂದ್ರ ಮಾತ್ರ ಬೆರಳೆಣಿಕೆಯಲ್ಲೇ ಉಳಿಯಿತು. ಊರಿನ ವಿದ್ಯೆ ಮೇಸ್ತ್ರಿಯಿಂದ ಹುಡುಗನಿಗೆ, ಕೈಯಿಂದ ಕೈಗೆ ಬಂತು. ಅದರಲ್ಲಿ ಬೆಣೆ ಹೊಡೆಯೋ ಬುದ್ಧಿಯೂ ಬಂತು, ಕೈಯಾಡಿಸಿ ಲೀಕು ನೋಡೋ ಅಭ್ಯಾಸವೂ ಬಂತು.

ಉಳಿದರ್ಧ ಉತ್ತರ ಕಾನೂನಿನಲ್ಲಿದೆ. ನಮ್ಮ ದೇಶದ ಮೊದಲ ಕಾರ್ಖಾನೆ ಕಾನೂನು ಬಂದದ್ದು 1881ರಲ್ಲಿ. ಯಂತ್ರಶಕ್ತಿ ಬಳಸುವ ಜಾಗದಲ್ಲಿ 100 ಜನ ಇದ್ದರೆ ಮಾತ್ರ ಅದು ಅನ್ವಯ. 1891ರಲ್ಲಿ ಅದು 50 ಆಯಿತು, 1922ರಲ್ಲಿ 20, 1948ರಲ್ಲಿ 10. ಅರವತ್ತೇಳು ವರ್ಷದಲ್ಲಿ ಕಾನೂನು ಒಂದೊಂದೇ ಮೆಟ್ಟಿಲು ಇಳಿದು ಸಣ್ಣ ಶೆಡ್ಡುಗಳ ಹತ್ತಿರ ಬರ್ತಾ ಇತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಮತ್ತೆ 20 ಜನ ಬೇಕು. ನಮ್ಮೂರ ಗ್ಯಾರೇಜಿನಲ್ಲಿ ಇರೋದು ಮೇಸ್ತ್ರಿ ಒಬ್ಬ, ಹುಡುಗರು ಇಬ್ಬರು. ಕಾನೂನು ಎಣಿಸೋದು ತಲೆ. ಜಾಕು ಜಾರಿದಾಗ ಟ್ರ್ಯಾಕ್ಟರು ತಲೆ ಎಣಿಸಲ್ಲ. ಮೂರು ಜನರ ಶೆಡ್ಡಿನಲ್ಲೂ ಅದರ ತೂಕ ಎರಡೇ ಟನ್.

ಪರಿಹಾರದ ವಿಷಯದಲ್ಲಿ ಸ್ವಲ್ಪ ವಾಸಿ. 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಮೋಟಾರು ವಾಹನದ ರಿಪೇರಿ ಕೆಲಸದವರೂ ಇದ್ದರು, ಅಲ್ಲಿ ತಲೆಯೆಣಿಕೆ ಇರಲಿಲ್ಲ. ಆದರೆ ಅದು ಸಂಬಳಕ್ಕಿರುವ ಹುಡುಗನಿಗೆ. ತನ್ನ ಶೆಡ್ಡಿನಲ್ಲಿ ತಾನೇ ದುಡಿಯೋ ಮೇಸ್ತ್ರಿಗೆ ಕೊಡೋ ಮಾಲೀಕ ಯಾರು? ಕರ್ನಾಟಕ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಒಂದು ಕಾಯ್ದೆ ಮಾಡಿದೆ, ಗ್ಯಾರೇಜಿನವರೂ ಅದರೊಳಗೆ ಬರ್ತಾರೆ. ನಿಮ್ಮೂರ ಮೇಸ್ತ್ರಿ ನೋಂದಣಿ ಆಗಿದ್ದಾರಾ ಕೇಳಿ. ಇಲ್ಲದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಒಂದು ದಿನ ನಿಮ್ಮ ಬೈಕಿನಲ್ಲೇ ಕರೆದುಕೊಂಡು ಹೋಗಿ. ಆದರೂ ದುಡ್ಡು ಬರೋದು ಕೈ ಹೋದ ಮೇಲೆ. ಕೈ ಉಳಿಸೋ ಕೆಲಸ ಬೇರೆಯೇ.

ಅದಕ್ಕೆ ಎರಡು ಉದಾಹರಣೆ ಇಟ್ಟುಕೊಳ್ಳಿ. ಸ್ವೀಡನ್ನಿನಲ್ಲಿ ಟ್ರ್ಯಾಕ್ಟರು ಪಲ್ಟಿಯಾಗಿ ರೈತರು ಸಾಯ್ತಿದ್ದರು. 1959ರಿಂದ ಹೊಸ ಟ್ರ್ಯಾಕ್ಟರಿಗೆಲ್ಲ ರಕ್ಷಣೆಯ ಚೌಕಟ್ಟು ಕಡ್ಡಾಯ ಮಾಡಿದರು. ಮುಂದಿನ ದಶಕಗಳಲ್ಲಿ ಅಂಥ ಸಾವು ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮಲ್ಲೂ ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟವರು ಬಹಳ ಆದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು, ಯಂತ್ರ ತಯಾರಿಸುವವರ ಮೇಲೂ ಹೊಣೆ ಹಾಕಿತು. ಎರಡೂ ಕಡೆ "ಹುಷಾರಾಗಿರಿ" ಅಂತ ಬೋರ್ಡು ಹಾಕಿ ಸುಮ್ಮನಾಗಲಿಲ್ಲ. ಕೈಗೂ ಯಂತ್ರಕ್ಕೂ ನಡುವೆ ಒಂದು ಕಬ್ಬಿಣದ ವಸ್ತು ತಂದರು. ಸುಸ್ತಾದ ಮನುಷ್ಯ ಮರೆತರೂ ಕಬ್ಬಿಣ ಮರೆಯಲ್ಲ.

ಹಾಗಾದ್ರೆ ನಮ್ಮೂರಿಗೆ ಆ ಕಬ್ಬಿಣ ತರೋರು ಯಾರು? ಇನ್ಸ್‌ಪೆಕ್ಟರ್ ಬರಲ್ಲ, ಕಂಪನಿ ಬರಲ್ಲ. ಗ್ಯಾರೇಜಿಗೆ ದಿನಾ ಬರೋದು ನಾವು, ಗಿರಾಕಿಗಳು. ಅವಸರ ತರೋದೂ ನಾವೇ. ಜಾಕಿನ ಮೇಲೆ ಗಾಡಿ ನಿಲ್ಲಿಸಿ "ಬೇಗ ಬೇಗ" ಅನ್ನೋ ಬಾಯಿಗೆ "ಸ್ಟ್ಯಾಂಡ್ ಇಡಿ ಅಣ್ಣ, ಕಾಯ್ತೀನಿ" ಅನ್ನೋಕೂ ಬರುತ್ತೆ.

ಖರ್ಚೂ ದೊಡ್ಡದೇನಿಲ್ಲ. ದಪ್ಪ ಪೈಪಿನ ಒಂದು ಜೊತೆ ಸ್ಟ್ಯಾಂಡು, ನಾಲ್ಕು ಜಾಲಿ ಮರದ ದಿಮ್ಮಿ, ಆಕ್ಸೆಲ್ಲಿಗೆ ಎರಡು ಬೆಣೆ, ಟ್ರ್ಯಾಲಿ ತೊಟ್ಟಿಗೆ ಒಂದು ಊರುಗೋಲು, ಪಂಕ್ಚರ್ ಅಂಗಡಿಗೆ ಒಂದು ಪಂಜರ ಮತ್ತು ಕ್ಲಿಪ್ಪಿನ ಪೈಪು. ಒಂದು ಊರಿನ ಟ್ರ್ಯಾಕ್ಟರಿನವರೆಲ್ಲ ಒಂದೊಂದು ದಿನದ ಬಾಡಿಗೆ ಹಾಕಿದರೆ ಮುಗಿಯುತ್ತೆ. ಸಹಕಾರ ಸಂಘದಲ್ಲಿ, ಸ್ವಸಹಾಯ ಗುಂಪಿನಲ್ಲಿ, ರೈತ ಉತ್ಪಾದಕ ಕಂಪನಿಯಲ್ಲಿ ಇರೋರು ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ರಿಪೇರಿಗೆ ಗಾಡಿ ಬಿಡುವಾಗ ರೋಟಾವೇಟರು ನೆಲಕ್ಕೆ ಇಳಿಸಿ ಬಿಡಿ. ಕೀಲಿಯನ್ನು ಗಾಡಿಯಲ್ಲಿ ಬಿಡದೆ ಮೇಸ್ತ್ರಿಯ ಜೇಬಿಗೇ ಹಾಕಿ. ಮಕ್ಕಳನ್ನು ಸೀಟಿಗೆ ಹತ್ತಿಸಬೇಡಿ. ಸಾಧ್ಯವಾದರೆ ಕ್ಲಚ್ಚು, ಹೈಡ್ರಾಲಿಕ್ ಕೆಲಸವನ್ನು ಯುಗಾದಿ ಹೊತ್ತಿಗೇ ಮುಗಿಸಿಕೊಳ್ಳಿ, ಆಗ ಮೇಸ್ತ್ರಿಗೂ ಬಿಡುವಿರುತ್ತೆ, ನಮಗೂ ಅವಸರ ಇರಲ್ಲ.

ಹದ ತಪ್ಪಿದರೆ ಒಂದು ಬೆಳೆ ಹಿಂದೆ ಬೀಳುತ್ತೆ, ಮುಂದಿನ ವರ್ಷ ಮತ್ತೆ ಮಳೆ ಬರುತ್ತೆ. ಐದು ಹಳ್ಳಿಗೆ ಇರೋ ಒಬ್ಬ ಒಳ್ಳೇ ಮೇಸ್ತ್ರಿ ಹೋದರೆ ಅಂಥವನು ತಯಾರಾಗೋಕೆ ಇಪ್ಪತ್ತು ವರ್ಷ ಬೇಕು. ಅವನ ಮನೆಯವರಿಗಂತೂ ಎಷ್ಟು ವರ್ಷವಾದರೂ ಸಿಗಲ್ಲ.